ಮೈಮುನಾಬಿಯ ಹೆಸರಿನ ಎರಡು ತಾರು

ಹಾವೇರಿಯ ತಾರ್ ಆಫೀಸಿನ ಎದುರಿಗೆ, ಸೈಕಲ್ ಅಂಗಡಿಯ ಪಕ್ಕಕ್ಕೆ ಒಂದು ಸಣ್ಣ ಖೋಲಿ ಇತ್ತು. ಅದರೊಳಗೆ ಎರಡು ಟೈಪ್‌ರೈಟರ್. ಒಂದು ಕೆಟ್ಟು ವರ್ಷವಾಗಿತ್ತು, ಅದರ ಮೇಲೆ ಕಾಗದದ ಕಟ್ಟು ಇಟ್ಟಿದ್ದರು. ಇನ್ನೊಂದರ ಮುಂದೆ ಅಬ್ದುಲರಜಾಕ ಕೂಡುತ್ತಿದ್ದ. ಅರ್ಜಿ, ಅಫಿಡವಿಟ್, ಪರ ಊರಿನ ಸಾಹೇಬರಿಗೆ ಇಂಗ್ಲಿಷ್ ಪತ್ರ, ತಾರಿನ ಫಾರ್ಮು, ಇವೆಲ್ಲವನ್ನೂ ಬರೆದುಕೊಡುವುದು ಅವನ ಕೆಲಸ. ಎಂಬತ್ತಾರರ ಮಳೆಗಾಲದ ಹೊತ್ತಿಗೆ ಅವನು ಅಲ್ಲಿ ಕುಳಿತು ಆರು ವರ್ಷವಾಗಿತ್ತು.

ಕೆಲಸದಲ್ಲಿ ಅವನಷ್ಟು ಪ್ರಾಮಾಣಿಕ ಮನುಷ್ಯ ಸಿಗುವುದು ಕಷ್ಟ, ಅವನಷ್ಟು ಹೆದರುವವನೂ ಅಷ್ಟೇ ಕಷ್ಟ. ಪ್ರತಿ ಸಂಜೆ ಬ್ಯಾಡಗಿಯ ಬಸ್ಸು ಹತ್ತಿ ಮನೆಗೆ ಹೋಗುವಾಗ, ಅಂದು ಬರೆದ ಶಬ್ದಗಳು ಒಂದೊಂದಾಗಿ ಎದುರಿಗೆ ಬಂದು ನಿಲ್ಲುತ್ತಿದ್ದವು. ಒಮ್ಮೆ ಒಬ್ಬ ಮುದುಕನ ಪೆನ್ಶನ್ ಅರ್ಜಿಯಲ್ಲಿ ‘ರಿಕ್ವೆಸ್ಟ್’ ಎಂದು ಹಾಕಿದ್ದ. ಮೋಟೆಬೆನ್ನೂರು ಬರುವಷ್ಟರಲ್ಲಿ ‘ಬೆಗ್’ ಎಂದೇ ಹಾಕಬೇಕಿತ್ತೇನೋ, ಆಫೀಸರ ಸಿಟ್ಟಾದರೆ ಹೇಗೆ ಎಂಬ ಅನುಮಾನ ಹತ್ತಿತು. ಅಲ್ಲೇ ಇಳಿದು, ಎದುರಿನಿಂದ ಬಂದ ಬಸ್ಸು ಹಿಡಿದು ಹಾವೇರಿಗೆ ಮರಳಿ, ಅರ್ಜಿಯನ್ನು ಹೊಸದಾಗಿ ಟೈಪ್ ಮಾಡಿದ. ಆವತ್ತು ಬ್ಯಾಡಗಿಗೆ ಮುಟ್ಟುವಷ್ಟರಲ್ಲಿ ಹೆಂಡತಿ ಜಾಹೀದಾ ಬಾಗಿಲಿಗೆ ಅಗಳಿ ಹಾಕಿ ಮಲಗಿದ್ದಳು.

ಇದಕ್ಕೆಲ್ಲ ರಾಣೆಬೆನ್ನೂರಿನ ಅಣ್ಣಾಜಿ ಮಾಸ್ತರರೇ ಕಾರಣ ಎನ್ನಬೇಕು. ರಜಾಕ ಹಗಲು ಅಲ್ಲಿನ ಹತ್ತಿ ಮಿಲ್ಲಿನಲ್ಲಿ ಅಂಡಿಗೆ ಮೂಟೆ ಕಟ್ಟುತ್ತ, ಸಂಜೆ ಅವರ ಕ್ಲಾಸಿಗೆ ಹೋಗಿ ಇಂಗ್ಲಿಷು ಕಲಿತವನು. ತಲೆಯಲ್ಲಿ ಸಿಕ್ಕ ಹತ್ತಿಯನ್ನು ಕೊಡವಿಕೊಂಡು ಹಿಂದಿನ ಬೆಂಚಿನ ಮೇಲೆ ಕೂಡುತ್ತಿದ್ದ. ಒಂದೇ ಅರ್ಥದ ಎರಡು ಶಬ್ದ ಯಾವ ಭಾಷೆಯಲ್ಲೂ ಇರುವುದಿಲ್ಲ ಎಂದು ಮಾಸ್ತರರು ದಿನಕ್ಕೊಮ್ಮೆ ಹೇಳುತ್ತಿದ್ದರು. “ಡಿಕ್ಷನರಿ ಶಬ್ದದ ಮನೀ ಬಾಗಲ ತನಕ ನಿನ್ನ ಕರಕೊಂಡ ಹೋಗ್ತದ. ಒಳಗ ಯಾರ ಇದ್ದಾರ ಅನ್ನೂದು ನೀನ ಹೊಕ್ಕು ನೋಡಬೇಕು” ಎನ್ನುತ್ತಿದ್ದರು. ಉಳಿದ ಹುಡುಗರು ಅದನ್ನು ಕೇಳಿ ಮರೆತರು. ರಜಾಕ ಮಾತ್ರ ಇನ್ನೂರು ಪುಟದ ಒಂದು ವಹಿ ಮಾಡಿ, ನೋಡಲು ಒಂದೇ ಥರ ಇರುವ ಶಬ್ದಗಳನ್ನು ಜೋಡಿ ಜೋಡಿಯಾಗಿ ಬರೆದಿಟ್ಟ. ಆ ವಹಿ ಈಗಲೂ ಟೈಪ್‌ರೈಟರಿನ ಎಡಗಡೆ ಇರುತ್ತಿತ್ತು.

ಆ ಮಂಗಳವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಕದರಮಂಡಲಗಿಯ ಇಸ್ಮಾಯಿಲಸಾಬ ಬಂದ. ಅರವತ್ತು ದಾಟಿದ ದರ್ಜಿ, ಮಾತು ಕಡಿಮೆ. ಅವನ ಹೆಂಡತಿ ಮೈಮುನಾಬಿ ಎರಡು ದಿನದಿಂದ ಹಾವೇರಿಯ ದವಾಖಾನೆಯಲ್ಲಿದ್ದಳು. ಹೊಟ್ಟೆಯಲ್ಲಿ ಗಡ್ಡೆ. ಆಪರೇಷನ್ ಮಾಡುವ ದೊಡ್ಡ ಡಾಕ್ಟರು ಹುಬ್ಬಳ್ಳಿಯಿಂದ ಗುರುವಾರಕ್ಕೊಮ್ಮೆ ಬರುತ್ತಿದ್ದರು. ಈ ಗುರುವಾರ ತಪ್ಪಿದರೆ ಮುಂದಿನ ಗುರುವಾರ, ಅಷ್ಟು ದಿನ ಕಾಯುವುದು ಚಲೋ ಅಲ್ಲ ಎಂದು ದವಾಖಾನೆಯವರು ಹೇಳಿದ್ದರು. ಆದರೆ ಮೈಮುನಾಬಿ ಮಗನ ಮುಖ ನೋಡದೆ ಕಾಗದದ ಮೇಲೆ ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಳು. ಮಗ ಯೂಸುಫ ಪುಣೆಯ ಕಡೆಯ ಒಂದು ಕಾರ್ಖಾನೆಯಲ್ಲಿದ್ದ. ಬುಧವಾರ ಸಂಜೆಯ ಬಸ್ಸನ್ನಾದರೂ ಅವನು ಹತ್ತಲೇಬೇಕು, ಹತ್ತುವ ಹಾಗೆ ಬರೆದುಕೊಡು ಎನ್ನುವುದು ಮುದುಕನ ಕೇಳಿಕೆ.

ರಜಾಕ ಫಾರ್ಮು ತೆಗೆದ. ‘ಮದರ್’ ಎಂದು ಬರೆದು ನಿಂತ.

‘ಇಲ್’ ಎನ್ನಬೇಕೋ, ‘ಸಿಕ್’ ಎನ್ನಬೇಕೋ? ಡಿಕ್ಷನರಿ ಎರಡಕ್ಕೂ ಕಾಯಿಲೆ ಎನ್ನುತ್ತದೆ. ವಹಿಯಲ್ಲಿ ಆ ಜೋಡಿಯ ಪಕ್ಕಕ್ಕೆ ಕೆಂಪು ಮಸಿಯ ಗೆರೆ ಇತ್ತು. ಹಿಂದಿನ ವರ್ಷ ಗುತ್ತಲದವರೊಬ್ಬರಿಗೆ ‘ಮದರ್ ಇಲ್’ ಎಂದು ಬರೆದುಕೊಟ್ಟಿದ್ದ. ಮಗನ ಆಫೀಸರು ತಾರು ಓದಿ, ತಾಯಂದಿರೆಲ್ಲ ಯಾವಾಗಲೂ ಇಲ್ ಇರುತ್ತಾರೆ ಎಂದು ರಜೆ ಕೊಡಲಿಲ್ಲವಂತೆ. ಮಗ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಾರೂ ರಜಾಕನನ್ನು ಬೈಯಲಿಲ್ಲ. ಆದರೂ ಆ ಮೆತ್ತಗಿನ ಶಬ್ದ ತನ್ನ ಕೈಯಿಂದಲೇ ಹೋಯಿತು ಎನ್ನುವುದು ಅವನೊಳಗೆ ಮುಳ್ಳಿನ ಹಾಗೆ ಮುರಿದುಕೊಂಡು ಕೂತಿತ್ತು.

ಹಾಗಾಗಿ ಈ ಸಲ ಅವನು ಕಾರ್ಖಾನೆಯ ಮ್ಯಾನೇಜರನನ್ನೇ ಕಣ್ಣ ಮುಂದೆ ಇಟ್ಟುಕೊಂಡ. ಓದಿದ ಕೂಡಲೇ ಅವನು ಸಹಿ ಮಾಡಬೇಕು. ‘ಅನ್‌ವೆಲ್’ ಎಂದರೆ ನೆಗಡಿ. ‘ಡೇಂಜರಸ್’ ಎಂದರೆ ಹುಲಿಗೂ ಆಗುತ್ತದೆ, ಕರೆಂಟಿನ ಕಂಬಕ್ಕೂ ಆಗುತ್ತದೆ. ‘ಸೀರಿಯಸ್’ ಎಂದರೆ ಗಂಭೀರ. ಮೈಮುನಾಬಿಯ ಸ್ಥಿತಿ ಗಂಭೀರವೇ ಅಲ್ಲವೇ? ಶಬ್ದ ಬೀಗಕ್ಕೆ ಕೀಲಿಯಂತೆ ಕೂತಿತು ಎಂದು ಅವನಿಗೆ ಸಮಾಧಾನವಾಯಿತು. ಮದರ್ ಸೀರಿಯಸ್, ಸ್ಟಾರ್ಟ್ ಇಮೀಡಿಯಟ್ಲಿ, ಫಾದರ್. ಇಸ್ಮಾಯಿಲಸಾಬ ಫಾರ್ಮನ್ನು ಮಡಚದೆ ಎರಡೂ ಕೈಯಲ್ಲಿ ಹಿಡಿದುಕೊಂಡು ರಸ್ತೆ ದಾಟಿದ.

ಹನ್ನೆರಡೂವರೆಗೆ ತಾರ್ ಆಫೀಸಿನ ಕೃಷ್ಣಾಜಿ ಚಹ ಕುಡಿಯಲು ಬಂದರು. ಕೌಂಟರಿನ ಹಿಂದೆ ಇಪ್ಪತ್ತು ವರ್ಷ ಕುಳಿತವರು, ಯಾರ ಮನೆಯ ಸುದ್ದಿಯೂ ಮೊದಲು ಅವರ ಕೈ ದಾಟಿಯೇ ಹೋಗಬೇಕು. ಖೋಲಿಯ ಹೊಸ್ತಿಲ ಮೇಲೆ ನಿಂತು ಚಹದ ಕಪ್ಪು, ಬಸಿ ಎರಡನ್ನೂ ಕೈಯಲ್ಲಿ ಹಿಡಿದು, “ಪಾಪ, ಆ ದರ್ಜಿ ಮುದುಕ ಭಾಳ ಗಟ್ಟಿ ಮನುಷ್ಯ ಬಿಡೋ. ಕಣ್ಣಾಗ ಒಂದ ಹನಿ ನೀರ ಇಲ್ಲ. ಯಾವಾಗ ಹೋದ್ಲಪಾ ಅವನ ಹೇಣ್ತಿ?” ಎಂದರು.

“ಯಾರ್ರಿ?”

“ನೀನ ಬರದಿಯಲ್ಲೋ, ಮದರ್ ಸೀರಿಯಸ್ ಅಂತ.”

ರಜಾಕನಿಗೆ ಆಗ ಹೊಳೆಯಿತು. ಆ ಕಡೆಯಲ್ಲೆಲ್ಲ ಸಾವಿನ ಸುದ್ದಿಯನ್ನು ತಾರಿನಲ್ಲಿ ನೇರ ಹಾಕುವ ರೂಢಿ ಇರಲಿಲ್ಲ. ದೂರದಲ್ಲಿರುವ ಮಗ ಒಬ್ಬನೇ ಇರುವಾಗ ಎದೆ ಒಡೆದುಕೊಳ್ಳಬಾರದು, ದಾರಿಯಲ್ಲಿ ಏನಾದರೂ ಮಾಡಿಕೊಳ್ಳಬಾರದು ಎಂದು, ಹೋದವರನ್ನು ‘ಸೀರಿಯಸ್’ ಎಂದೇ ಬರೆಯುತ್ತಿದ್ದರು. ಬರೆಸುವವರಿಗೂ ಗೊತ್ತು, ಓದುವವರಿಗೂ ಗೊತ್ತು, ಮ್ಯಾನೇಜರರಿಗೂ ಗೊತ್ತು. ರಜಾಕನೇ ತನ್ನ ಕೈಯಿಂದ ಅಂಥ ನಲವತ್ತು ಐವತ್ತು ತಾರು ಬರೆದುಕೊಟ್ಟಿದ್ದ. ಇಂದು ಮಾತ್ರ ಒಂದು ಜೀವಂತ ಹೆಂಗಸಿಗೆ, ಅರ್ಥ ಸರಿಯಾಗಿದೆ ಎಂಬ ಸಂತೋಷದಲ್ಲಿ, ಅದೇ ಶಬ್ದ ಹಾಕಿದ್ದ.

“ಅಕಿ ಅದಾಳ್ರಿ ಕೃಷ್ಣಾಜಿಯವರ. ಜೀವಂತ ಅದಾಳ. ಮುಂಜಾನೆ ಎರಡ ರೊಟ್ಟಿ ತಿಂದಾಳ.”

ಕೃಷ್ಣಾಜಿ ಬಸಿಯನ್ನು ಕೆಳಗಿಟ್ಟರು. ತಾರು ಹನ್ನೊಂದಕ್ಕೇ ಹೋಗಿತ್ತು.

ಯೂಸುಫ ಅಳುತ್ತಾನೆ ಎನ್ನುವುದಷ್ಟೇ ಆಗಿದ್ದರೆ ರಜಾಕ ಹೇಗೋ ತಡೆದುಕೊಳ್ಳುತ್ತಿದ್ದ. ಅವನನ್ನು ಹೆದರಿಸಿದ್ದು ಬೇರೆ ಲೆಕ್ಕ. ತಮ್ಮವರಲ್ಲಿ ಮಣ್ಣು ಕಾಯುವುದಿಲ್ಲ. ಹೋದವರನ್ನು ಆ ದಿನವೇ ಮಣ್ಣಿಗೆ ಒಪ್ಪಿಸಿಬಿಡುತ್ತಾರೆ. ಪುಣೆಯಿಂದ ಹೊರಟ ಮಗ ಎಷ್ಟು ಓಡಿದರೂ ಮುಖ ಸಿಗುವುದಿಲ್ಲ ಎಂದು ತಿಳಿದ ಮೇಲೆ ಯಾಕೆ ಓಡುತ್ತಾನೆ? ಸಂಬಳ ಇಸಿದುಕೊಂಡು, ಮಣ್ಣಾದ ಮೂರು ದಿನಕ್ಕೆ ಗೋರಿಯ ಬಳಿ ಓದಿಸುವ ಜಿಯಾರತಿಗೆ ಸರಿಯಾಗಿ ಬಂದರಾಯಿತು ಎಂದುಕೊಳ್ಳುತ್ತಾನೆ. ಬಂದರೂ ದವಾಖಾನೆಗೆ ಬರುವುದಿಲ್ಲ, ಸೀದಾ ಕದರಮಂಡಲಗಿಯ ಮನೆಗೆ ಹೋಗುತ್ತಾನೆ. ಗುರುವಾರ ಇಲ್ಲಿ ಕಳೆದುಹೋಗುತ್ತದೆ. ಮೆತ್ತಗಿನ ಶಬ್ದದಿಂದ ಒಬ್ಬ ಮಗ ತಡವಾದ. ಗಟ್ಟಿ ಶಬ್ದದಿಂದ ಇನ್ನೊಬ್ಬ.

ಇನ್ನೊಂದು ತಾರು ಕಳಿಸಬೇಕೆಂದು ಇಬ್ಬರೂ ಕೂತರು. ಕಾರ್ಖಾನೆಗೆ ಬೇಡ, ಅಲ್ಲಿ ಮೊದಲನೆಯದೇ ಇರಲಿ, ರಜೆ ಸಿಗಲಿ. ಇದು ಯೂಸುಫ ಇರುವ ಖೋಲಿಗೆ ಹೋಗಬೇಕು. ಆದರೆ ಏನೆಂದು ಬರೆಯುವುದು? ‘ವೆಲ್’ ಎಂದರೆ ಅವನು ಹೊರಡುವುದೇ ಇಲ್ಲ. ‘ಫೈನ್’ ಎಂದರೂ ಅಷ್ಟೇ. ‘ಬೆಟರ್’ ಎಂದರೆ ಮುಂದಿನ ವಾರ ನೋಡೋಣ ಎನ್ನುತ್ತಾನೆ. ‘ಸೇಫ್’ ಎನ್ನುವುದು ಪಾರ್ಸಲ್ಲಿಗೆ ಹೇಳಿದ ಹಾಗಿರುತ್ತದೆ. ರಜಾಕ ಅಂಜುತ್ತ ‘ಅಲೈವ್’ ಎಂದ.

“ಅಲೈವ್ ಅಂತ ಬರದ್ರ ಬಾವ್ಯಾಗಿಂದ ಎತ್ತಿದಂಗ ಆಗ್ತದೋ” ಎಂದರು ಕೃಷ್ಣಾಜಿ. “ಜೀವ ಐತಿ ಅಂತ ಯಾರ ಬರೀತಾರ? ಹೋಗೋ ಹೊತ್ತಿಗಷ್ಟ ಬರೀತಾರ.”

ರಜಾಕ ವಹಿಯನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದ. ತಾಯಿ ಬದುಕಿದ್ದಾಳೆ, ಆದರೆ ಬೇಗ ಬಾ ಎನ್ನುವ ಒಂದು ಶಬ್ದ ಅದರಲ್ಲಿ ಇರಲಿಲ್ಲ. ಕೊನೆಗೆ ವಹಿ ಮುಚ್ಚಿ ಎದ್ದ. ಮಾಸ್ತರರ ಮಾತು ನೆನಪಾಗಿ ಎದ್ದನೋ, ಕೂತರೆ ಎದೆ ಒಡೆಯುತ್ತದೆ ಎಂದು ಎದ್ದನೋ ಅವನಿಗೇ ತಿಳಿಯಲಿಲ್ಲ. ಖೋಲಿಯನ್ನು ನೋಡಿಕೊಳ್ಳಲು ಸೈಕಲ್ ಅಂಗಡಿಯವನಿಗೆ ಹೇಳಿ ದವಾಖಾನೆಗೆ ಹೊರಟ.

ಹೆಂಗಸರ ವಾರ್ಡಿನ ಹೊರಗೆ ಪಡಸಾಲೆಯಲ್ಲಿ ಇಸ್ಮಾಯಿಲಸಾಬ ಗೋಡೆಗೆ ಒರಗಿ ಕೂತಿದ್ದ. ರಜಾಕ ಅವನ ಎದುರಿಗೆ ಕುಕ್ಕರಗಾಲಲ್ಲಿ ಕುಳಿತು, ಆದದ್ದನ್ನು ಒಂದೂ ಬಿಡದೆ ಹೇಳಿದ. ಬೈಯಲಿ ಎಂದೇ ಕಾದ. ಮುದುಕ ಬೈಯಲಿಲ್ಲ. ನಾನೂ ತಾರಿನ ರೂಢಿ ಮರೆತೆ, ನಮ್ಮ ಕಡೆ ಯಾರಿಗೆ ಬಂದರೂ ಹಾಗೇ ತಿಳಿಯುತ್ತಾರೆ ಎಂದ. ಆಮೇಲೆ, ನೀನೇ ಅವಳ ಮುಂದೆ ಹೇಳು, ನನ್ನಿಂದ ಆಗುವುದಿಲ್ಲ ಎಂದ.

ಮೈಮುನಾಬಿ ಮಂಚದ ಮೇಲೆ ಎದ್ದು ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು, ದನಿ ಮಾತ್ರ ವಾರ್ಡಿಗೆಲ್ಲ ಕೇಳುತ್ತಿತ್ತು. ರಜಾಕ ತಲೆ ತಗ್ಗಿಸಿ, ಚಾಚಿ, ನಾನು ತಪ್ಪು ಮಾಡಿದ್ದೇನೆ, ತಾರು ಓದಿ ಯೂಸುಫ ನೀವು ಹೋದಿರಿ ಎಂದು ತಿಳಿದಿರಬೇಕು ಎಂದ. ಪಕ್ಕದ ಮಂಚದವಳು ಬಾಯಿಗೆ ಸೆರಗು ಇಟ್ಟುಕೊಂಡಳು. ಮೈಮುನಾಬಿ ಮುಂದಕ್ಕೆ ಬಾಗಿದಳು.

“ನಾ ಸತ್ತೇನಿ ಅಂತ ತಿಳದಾನು?”

“ತಿಳದಿರಬೇಕ್ರಿ ಚಾಚಿ.”

“ಹಂಗಾದ್ರ ನನ್ನ ಛತ್ರಿ ಹೋದಂಗ” ಎಂದಳು ಮೈಮುನಾಬಿ. “ರಂಜಾನಿಗೆ ಬಂದವ ಮಳಿ ಬಂತಂತ ನನ್ನ ಛತ್ರಿ ಒಯ್ದಾನ. ಮೂರ ಪತ್ರ ಬರಿಸೇನಿ, ತಾ ಅಂತ. ಒಂದಕ್ಕೂ ಜವಾಬಿಲ್ಲ. ಸತ್ತಾಕಿಗೆ ಯಾರ ಛತ್ರಿ ತಂದು ಕೊಡ್ತಾರ? ಬರಲಿ ಅವ.”

ಅಷ್ಟು ಹೇಳಿ, ಹೊಟ್ಟೆ ಹಿಡಿದುಕೊಂಡು ನೋವಿನಿಂದ ಕಣ್ಣು ಮುಚ್ಚಿದಳು. ಕಣ್ಣು ತೆರೆದಾಗ ಮತ್ತೆ ಛತ್ರಿಯ ಮಾತೇ. ಕಪ್ಪು ಬಟ್ಟೆ, ಬೆತ್ತದ ಹಿಡಿ, ತನ್ನ ತವರಿನವರು ಕೊಟ್ಟದ್ದು, ಒಂದು ಕಡ್ಡಿಗೆ ತಾನೇ ನೀಲಿ ದಾರ ಸುತ್ತಿದ್ದು. ರಜಾಕ ಕೇಳುತ್ತ ಕೇಳುತ್ತ ಬೆನ್ನು ನೆಟ್ಟಗೆ ಮಾಡಿದ. ತಾರಿನಲ್ಲಿ ಹಾಕಬೇಕಾದದ್ದು ಮೈಮುನಾಬಿಯ ಸ್ಥಿತಿಯಲ್ಲ, ಮೈಮುನಾಬಿಯೇ. ಈ ಛತ್ರಿಯನ್ನು ತಾ ಎನ್ನುವವಳು ಲೋಕದಲ್ಲಿ ಇವಳೊಬ್ಬಳೇ, ಅದೂ ಬದುಕಿದ್ದರೆ ಮಾತ್ರ. ಬೇರೆಯವರು ಬರೆಸಲು ಸಾಧ್ಯವೇ ಇಲ್ಲ.

ಓಡುತ್ತ ಖೋಲಿಗೆ ಬಂದು ಹೊಸ ಫಾರ್ಮು ತೆಗೆದ. ಛತ್ರಿ ತಾ ಎನ್ನುವುದು ಸುಲಭ. ಆದರೆ ಅದರ ಹಿಂದೆ ತಾಯಿಯನ್ನು ಹೇಗೆ ನಿಲ್ಲಿಸುವುದು? ‘ಮದರ್ ಆಸ್ಕ್ಸ್’ ಎಂದು ಬರೆದು ನೋಡಿದ. ಕೇಳುತ್ತಾಳೆ. ಕೊನೆಯ ಆಸೆ ಕೇಳುವವರಿಗೂ ಅದೇ ಶಬ್ದ. ‘ವಾಂಟ್ಸ್’ ಎಂದರೂ ಹಾಗೆಯೇ, ಮಲಗಿದಲ್ಲಿಂದ ಕೈ ಚಾಚಿದ ಹಾಗೆ ಕಾಣುತ್ತಿತ್ತು. ‘ರಿಕ್ವೆಸ್ಟ್ಸ್’ ಎಂದರೆ ಮೈಮುನಾಬಿ ಅರ್ಜಿ ಹಾಕಿದಂತೆ. ‘ಡಿಮಾಂಡ್ಸ್’ ಎಂದರೆ ಪೊಲೀಸರು ಕೇಳಿದಂತೆ. ನಾಲ್ಕಕ್ಕೂ ಡಿಕ್ಷನರಿಯಲ್ಲಿ ಕೇಳು, ಬೇಡು ಎಂದೇ ಇತ್ತು. ನಾಲ್ಕರಲ್ಲಿ ಒಂದರೊಳಗೂ ಮಂಚದ ಮೇಲಿನ ಆ ಹೆಂಗಸು ಇರಲಿಲ್ಲ.

ಅವಳು ಕೇಳುತ್ತಿರಲಿಲ್ಲ, ಸಿಟ್ಟಾಗಿದ್ದಳು. ಅಷ್ಟೇ.

ಸಿಟ್ಟಿಗೂ ಇಂಗ್ಲಿಷಿನಲ್ಲಿ ಒಂದೇ ಶಬ್ದವಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ‘ಅನಾಯ್ಡ್’ ಎಂದರೆ ಏಳನೆಯ ಇಯತ್ತೆಯವರೆಗೆ ಓದಿದ ಯೂಸುಫನಿಗೆ ತಿಳಿಯುತ್ತದೆಯೋ ಇಲ್ಲವೋ. ‘ಡಿಸ್‌ಪ್ಲೀಸ್ಡ್’ ಆಫೀಸರರಿಗೆ ಮಾತ್ರ ಬರುವ ಸಿಟ್ಟು. ‘ಫ್ಯೂರಿಯಸ್’ ಚಲೋ ಇತ್ತು, ಆದರೆ ಅದನ್ನು ಕೃಷ್ಣಾಜಿಯೇ ಬೇಡವೆಂದರು. “ಕಿವಿ ಮಂದ ಇದ್ದವಗ ಯಾವನರೆ ಓದಿ ಹೇಳಿದ್ರ ಮತ್ತ ಸೀರಿಯಸ್ ಆಗ್ತದ. ಬ್ಯಾಡೋ ಮಾರಾಯಾ.”

‘ಆ್ಯಂಗ್ರಿ’ ಎಂದು ಬರೆದ. ಸಣ್ಣ ಹುಡುಗರಿಗೂ ಗೊತ್ತಿರುವ ಶಬ್ದ. ಮದರ್ ಆ್ಯಂಗ್ರಿ, ಬ್ರಿಂಗ್ ಹರ್ ಅಂಬ್ರೆಲಾ, ಹಾವೇರಿ ಹಾಸ್ಪಿಟಲ್, ಥರ್ಸ್‌ಡೇ ಮಾರ್ನಿಂಗ್. ಅಮ್ಮ ಸಿಟ್ಟಾಗಿದ್ದಾಳೆ, ಅವಳ ಛತ್ರಿ ತೆಗೆದುಕೊಂಡು ಗುರುವಾರ ಬೆಳಿಗ್ಗೆ ಹಾವೇರಿ ದವಾಖಾನೆಗೆ ಬಾ. ಇಪ್ಪತ್ತು ವರ್ಷದಲ್ಲಿ ಇಂಥ ತಾರು ಕಳಿಸಿಲ್ಲ ಎಂದು ಕೃಷ್ಣಾಜಿ ಗೊಣಗಿದರೂ ತಾವೇ ನಿಂತು ಅರ್ಜೆಂಟಿನಲ್ಲಿ ಕಳಿಸಿದರು.

ಬುಧವಾರ ರಜಾಕ ಮೂರು ಅರ್ಜಿ ಕೆಡಿಸಿದ. ತಾರು ಮುಟ್ಟಿತೋ, ಖೋಲಿಗೆ ಕೀಲಿ ಹಾಕಿತ್ತೋ, ಓದಿದವನು ಇದೇನು ಹುಚ್ಚು ಎಂದು ಹರಿದೊಗೆದನೋ. ‘ಆ್ಯಂಗ್ರಿ’ ಎನ್ನುವ ಬದಲು ಅದೂ ಇದೂ ಹಾಕಬಹುದಿತ್ತು ಎಂದು ಒಂದೊಂದು ಶಬ್ದ ಹೊಳೆದಾಗಲೂ ಬೆವರಿದ. ಸಂಜೆ ಊಟ ಸೇರಲಿಲ್ಲ. ಜಾಹೀದಾ ಕಾರಣ ಕೇಳಿ ತಿಳಿದುಕೊಂಡು, ನಾಳೆ ಮೊದಲ ಬಸ್ಸಿಗೇ ಹೋಗು, ಇಲ್ಲಿ ಕೂತು ನನ್ನ ತಲೆ ತಿನ್ನಬೇಡ ಎಂದಳು.

ಗುರುವಾರ ಏಳಕ್ಕೇ ಅವನು ದವಾಖಾನೆಯ ಪಡಸಾಲೆಯಲ್ಲಿದ್ದ. ಇಸ್ಮಾಯಿಲಸಾಬ ಸರಿದು ಜಾಗ ಕೊಟ್ಟ. ಇಬ್ಬರೂ ಗೇಟಿನ ಕಡೆ ನೋಡುತ್ತ ಕೂತರು. ಎಂಟಾಯಿತು. ಎಂಟೂವರೆಗೆ ನರ್ಸು ಹೆಬ್ಬೆಟ್ಟಿನ ಕಾಗದ ತಂದು, ಡಾಕ್ಟರು ಹತ್ತಕ್ಕೆ ಬರುತ್ತಾರೆ, ಅಷ್ಟರಲ್ಲಿ ಆಗಬೇಕು ಎಂದು ಹೇಳಿ ಹೋದಳು. ಒಳಗಿನಿಂದ ಮೈಮುನಾಬಿಯ ದನಿ, ಆಗುವುದಿಲ್ಲ ಎಂದು. ರಜಾಕ ಗೇಟಿನ ಕಡೆ ನೋಡುವುದನ್ನೇ ಬಿಟ್ಟು ತನ್ನ ಚಪ್ಪಲಿಯನ್ನು ನೋಡುತ್ತ ಕೂತ.

ಒಂಬತ್ತಕ್ಕೆ ಹತ್ತು ನಿಮಿಷವಿತ್ತು. ಮೊದಲು ನೆಲಕ್ಕೆ ಊರುತ್ತ ಬಂದ ಛತ್ರಿಯ ತುದಿ ಕಂಡಿತು. ಆಮೇಲೆ ಧೂಳು ತುಂಬಿದ ಬೂಟು. ತಲೆಯೆತ್ತಿದರೆ, ಗಡ್ಡ ಬೋಳಿಸದ, ಕಣ್ಣು ಕೆಂಪಾದ ಒಬ್ಬ ತರುಣ. ಇಸ್ಮಾಯಿಲಸಾಬ ಎದ್ದು ನಿಂತು ಮಗನ ತೋಳು ಹಿಡಿದ. ಮಗ ಕೇಳಿದ್ದು ಒಂದೇ ಮಾತು.

“ಅಬ್ಬಾ, ಖರೇನ ಸಿಟ್ಟಾಗ್ಯಾಳೇನು?”

“ಒಳಗ ಹೋಗಿ ನೋಡು” ಎಂದ ಮುದುಕ.

ಯೂಸುಫ ಒಳಗೆ ಹೋದ. ಬಾಗಿಲಲ್ಲಿ ನಿಂತ ರಜಾಕನಿಗೆ ಎಲ್ಲವೂ ಕಾಣುತ್ತಿತ್ತು. ಮಗ ತಾಯಿಯ ಪಾದದ ಬಳಿ ಕೂತು ಮುಖ ಮುಚ್ಚಿಕೊಂಡ, ಭುಜಗಳು ಅಲುಗಿದವು. ಮೈಮುನಾಬಿ ಅವನ ತಲೆಯ ಮೇಲೆ ಕೈಯಿಟ್ಟು ಕೂದಲಲ್ಲಿ ಬೆರಳಾಡಿಸಿದಳು. ಹಾಗೇ ಇನ್ನೊಂದು ಕೈಯಿಂದ ಛತ್ರಿ ಎಳೆದುಕೊಂಡು ಬಿಡಿಸಿದಳು, ಕಡ್ಡಿಗಳನ್ನು ಒಂದೊಂದಾಗಿ ನೋಡಿದಳು.

“ನೀಲಿ ದಾರ ಎಲ್ಲೈತಿ?”

ಯೂಸುಫ ಮುಖವನ್ನು ಚಾದರಿನಲ್ಲಿ ಹುದುಗಿಸಿದ.

“ಇದು ನನ್ನ ಛತ್ರಿ ಅಲ್ಲ. ಕಳದಿ ಹೌದಲ್ಲೋ? ಅದಕ್ಕ ಜವಾಬ ಬರದಿಲ್ಲ.”

ವಾರ್ಡಿನಲ್ಲಿ ಎಲ್ಲರೂ ನಕ್ಕರು. ಯೂಸುಫನೂ ಅಳುತ್ತಲೇ ನಕ್ಕ. ಹಳೆಯದನ್ನು ಎರಡು ತಿಂಗಳ ಹಿಂದೆಯೇ ಲೋಕಲ್ ಗಾಡಿಯಲ್ಲಿ ಮರೆತಿದ್ದ. ಇದನ್ನು ನಿನ್ನೆ ಸಂಜೆ ಬಸ್ಸಿಗೆ ಬರುವ ದಾರಿಯಲ್ಲಿ ಕೊಂಡಿದ್ದ. ಮೈಮುನಾಬಿ ಛತ್ರಿಯನ್ನು ಮಡಚಿ ತಲೆದಿಂಬಿನ ಪಕ್ಕಕ್ಕೆ ಇಟ್ಟುಕೊಂಡು, ಆಪರೇಷನ್ ಆಗಿ ಬರಲಿ, ಆಮೇಲೆ ನಿನ್ನನ್ನು ನೋಡಿಕೊಳ್ಳುತ್ತೇನೆ ಎಂದು ಹೇಳಿ, ನರ್ಸಿನ ಕಡೆ ಹೆಬ್ಬೆಟ್ಟು ಚಾಚಿದಳು.

ಅವಳನ್ನು ಒಳಗೆ ಒಯ್ದ ಮೇಲೆ ಪಡಸಾಲೆಯಲ್ಲಿ ಕೂತು ಯೂಸುಫ ಪುಣೆಯದೆಲ್ಲ ಹೇಳಿದ. ಮೊದಲನೆಯ ತಾರು ಮಂಗಳವಾರ ಸಂಜೆಯ ಪಾಳಿ ಮುಗಿಯುವಾಗ ಬಂದಿತ್ತು. ಮ್ಯಾನೇಜರ ಓದಿ, ಏನೂ ಕೇಳದೆ, ಅವನ ಬೆನ್ನು ತಟ್ಟಿ ನಾಲ್ಕು ದಿನ ರಜೆ ಬರೆದ. ಖೋಲಿಯ ಗೆಳೆಯರು ಸುತ್ತ ಕೂತರು. ಮಣ್ಣು ಆಗಿಹೋಗಿರುತ್ತದೆ, ಗುರುವಾರ ಸಂಜೆ ಹೊರಡು, ಶುಕ್ರವಾರದ ಜಿಯಾರತಿಗೆ ಮುಟ್ಟುತ್ತೀ ಎಂದು ಹಿರಿಯನೊಬ್ಬ ಹೇಳಿದ. ಅವನೂ ಹೂಂ ಎಂದಿದ್ದ. ಖೋಲಿಯ ವಿಳಾಸ ಹುಡುಕಿಕೊಂಡು ಎರಡನೆಯದು ಬರುವಷ್ಟರಲ್ಲಿ ಬುಧವಾರ ಮಧ್ಯಾಹ್ನವಾಗಿತ್ತು. ಓದಲು ಧೈರ್ಯವಾಗದೆ ಪಕ್ಕದ ಖೋಲಿಯವನ ಕೈಗೆ ಕೊಟ್ಟ. ಅವನು ಎರಡು ಸಲ ಓದಿ, ನಿಮ್ಮಮ್ಮನ ಛತ್ರಿ ನಿನ್ನ ಹತ್ತಿರ ಇದೆಯೇನೋ ಎಂದು ಕೇಳಿದ. ಆ ಕ್ಷಣಕ್ಕೆ ಯೂಸುಫನಿಗೆ ಎಲ್ಲ ತಿಳಿಯಿತು.

“ಮದ್ಲ ಅತ್ತೆ” ಎಂದ ಯೂಸುಫ. “ಆಮ್ಯಾಲೆ ಹೆದರಿದೆ. ಛತ್ರಿ ಕಳದೇನಲ್ಲ. ಆ ತಾರ ಬರದವರ ಯಾರು?”

ಇಸ್ಮಾಯಿಲಸಾಬ ರಜಾಕನ ಕಡೆ ಬೆರಳು ತೋರಿಸಿದ. ಎರಡನ್ನೂ ಬರೆದವನು ನಾನೇ, ಮೊದಲನೆಯದನ್ನೂ ನಾನೇ ಎಂದು ರಜಾಕ ಹೇಳಲು ಹೋದ. ಮುದುಕ ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿ, ಆ ಮಾತನ್ನು ಅಲ್ಲಿಗೇ ನಿಲ್ಲಿಸಿದ.

ಹನ್ನೆರಡರ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ಗಡ್ಡೆ ಪೂರ್ತಿ ತೆಗೆದಾಗಿದೆ, ಕೆಟ್ಟ ಗಡ್ಡೆಯಂತೆ ಕಾಣುವುದಿಲ್ಲ, ಹತ್ತು ದಿನಕ್ಕೆ ಮನೆಗೆ ಹೋಗಬಹುದು ಎಂದು ಕನ್ನಡದಲ್ಲೇ ಹೇಳಿದರು. ರಜಾಕ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. ಏನು ಮಾಡಬೇಕೆಂದು ತಿಳಿಯದೆ ಇಸ್ಮಾಯಿಲಸಾಬನಿಗೂ ಯೂಸುಫನಿಗೂ ಕೈ ಕೊಟ್ಟು, ಅಲ್ಲೇ ನಿಂತಿದ್ದ ದವಾಖಾನೆಯ ಜವಾನನಿಗೂ ಕೈ ಕೊಟ್ಟ.

ಮಧ್ಯಾಹ್ನ ಖೋಲಿ ತೆರೆದಾಗ ಕೃಷ್ಣಾಜಿ ರಸ್ತೆಯ ಆಚೆಯಿಂದಲೇ ಕೈ ಮಾಡಿ ಕೇಳಿದರು. ರಜಾಕ ಎಲ್ಲ ಚಲೋ ಆಯಿತೆಂದು ತಲೆಯಾಡಿಸಿದ. ಅವರು ಬಂದು ಚಹ ತರಿಸಿದರು. ಇನ್ನು ಮುಂದೆ ‘ಸೀರಿಯಸ್’ ಬಂದರೆ ಅದಾರೋ ಹೋಗ್ಯಾರೋ ಎಂದು ಕೇಳಿಯೇ ಫಾರ್ಮಿಗೆ ಶಿಕ್ಕೆ ಒತ್ತುತ್ತೇನೆ ಎಂದರು. ರಜಾಕ ವಹಿ ತೆರೆದು ‘ಇಲ್’, ‘ಸಿಕ್’ ಇದ್ದ ಪುಟದಲ್ಲಿ ‘ಸೀರಿಯಸ್’ ಎಂದು ಸೇರಿಸಿ, ಅದರ ಮುಂದೆ ‘ಓದುವವರು ಯಾರು?’ ಎಂದು ಬರೆದ. ಆಮೇಲೆ ನಿನ್ನೆ ಕೆಡಿಸಿದ ಮೂರು ಅರ್ಜಿಗಳನ್ನು ಹೊಸದಾಗಿ ಟೈಪ್ ಮಾಡಲು ಕೂತ.

ಸಂಜೆ ಬ್ಯಾಡಗಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಮಳೆ ಹನಿಯುತ್ತಿತ್ತು. ಅಭ್ಯಾಸಬಲದಿಂದ ಅವನು ‘ಆ್ಯಂಗ್ರಿ’ಯನ್ನು ಎದುರಿಗೆ ನಿಲ್ಲಿಸಿ ಹಿಂದೆ ಮುಂದೆ ತಿರುಗಿಸಿ ನೋಡಿದ. ಬೇರೆ ಯಾವ ಶಬ್ದವೂ ಪಕ್ಕಕ್ಕೆ ಬಂದು ನಿಲ್ಲಲಿಲ್ಲ. ಮೋಟೆಬೆನ್ನೂರಿನಲ್ಲಿ ಬಸ್ಸು ನಿಂತು, ಇಳಿಯುವವರು ಇಳಿದು, ಹತ್ತುವವರು ಹತ್ತಿದರು. ರಜಾಕನಿಗೆ ಗೊತ್ತಾಗಲಿಲ್ಲ. ಬ್ಯಾಡಗಿ ಬಂತೆಂದು ಕಂಡಕ್ಟರನೇ ಭುಜ ಅಲುಗಿಸಿ ಎಬ್ಬಿಸಬೇಕಾಯಿತು.